ಗಡಸು ನೀರಿನ ಊರಲ್ಲಿ ಮನೆಯ ಸೋಪಿನ ಪುಡಿ

ಬಟ್ಟೆ ಒಗೆಯುವ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಬೂದಿ, ಸವಳು ಮಣ್ಣು, ಅಂಟವಾಳದಂಥ ಸಿಕ್ಕಿದ್ದನ್ನು ಬಳಸುವುದು ಒಂದು. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಸಾಬೂನು ಕಟ್ಟುವುದು ಎರಡನೆಯದು. ಅಂಗಡಿಯ ಸಾಬೂನನ್ನು ತುರಿದು ಸೋಡಾ ಜೊತೆ ಕಲಸುವುದು ಮೂರನೆಯದು. ರಾಸಾಯನಿಕದ ಅಂಗಡಿಯಿಂದ ಆ್ಯಸಿಡ್ ಸ್ಲರಿ ತಂದು ಪುಡಿ ಮಾಡುವುದು ನಾಲ್ಕನೆಯದು. ಹೇಳುವವರು ಸಾಮಾನ್ಯವಾಗಿ ಪಾಕವನ್ನಷ್ಟೇ ಹೇಳುತ್ತಾರೆ: ಇದಿಷ್ಟು, ಅದಿಷ್ಟು, ಕಲಸಿ ಡಬ್ಬಿಗೆ ತುಂಬಿ. ಆದರೆ ಒಂದೇ ಪಾಕ ತೀರ್ಥಹಳ್ಳಿಯಲ್ಲಿ ನೊರೆಗಟ್ಟಿ ಲಕ್ಷ್ಮೇಶ್ವರದಲ್ಲಿ ಮೊಸರಿನಂತೆ ಒಡೆಯಬಹುದು. ಲಕ್ಷ್ಮೇಶ್ವರವಿರುವ ಗದಗ ಸೀಮೆಯಲ್ಲಿ ಪುಡಿಯ ಯೋಗ್ಯತೆಯನ್ನು ಮೊದಲು ತೀರ್ಮಾನಿಸುವುದು ನೀರು. ಒಗೆದ ನೀರು ಹರಿದು ಹೋಗುವ ಎರೆಮಣ್ಣಿನದು ಎರಡನೆಯ ತೀರ್ಮಾನ. ಪಾಕದ ಸರದಿ ಆಮೇಲಿನದು.

ಗದಗ ಜಿಲ್ಲೆಯ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಮುಂಡರಗಿ ಕಡೆಯ ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಕಾಟವೂ ಇದೆ. ಲಕ್ಷ್ಮೇಶ್ವರ, ಗದಗ-ಬೆಟಗೇರಿಯಂಥ ಪಟ್ಟಣಗಳ ನಲ್ಲಿಗೆ ತುಂಗಭದ್ರೆಯ ನೀರು ಬರುತ್ತದೆ, ಆದರೆ ದಿನ ಬಿಟ್ಟು ದಿನವೂ ಅಲ್ಲ. ಹಾಗಾಗಿ ಹೊಳೆಯ ನೀರು ಕುಡಿಯುವುದಕ್ಕೆ, ಅಡುಗೆಗೆ ಎತ್ತಿಟ್ಟುಕೊಳ್ಳುವಂಥದ್ದಾಗಿ, ಒಗೆತ ಬೋರಿನ ನೀರಿಗೆ ಬೀಳುತ್ತದೆ. ತೊಗರಿ ಬೇಳೆ ಬೇಯದ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ ಎಂಬುದು ಹಳ್ಳಿಯ ಹೆಂಗಸರಿಗೆ ಯಾವ ಪ್ರಯೋಗಾಲಯವೂ ಹೇಳಿಕೊಡಬೇಕಾದ ಸಂಗತಿಯಲ್ಲ. ಎರಡಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇವು ಬೇಳೆಯೊಳಗಿನ ಪೆಕ್ಟಿನ್ ಅನ್ನು ಬಿಗಿಗೊಳಿಸುತ್ತವೆ. ಸಾಬೂನಿನೊಂದಿಗೆ ಸೇರಿದರೆ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ, ಬಟ್ಟೆಯ ಎಳೆಗೆ ಅಂಟುವ ಆ ಬೂದುಬಣ್ಣದ ಕೆನೆ ಇದೇ.

ಈ ನಷ್ಟವನ್ನು ಗ್ರಾಂ ಲೆಕ್ಕದಲ್ಲಿ ಹೇಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿತ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. 500 ಮಿಲಿಗ್ರಾಂ ಗಡಸುತನದ ಬೋರ್ ನೀರು ಹತ್ತು ಲೀಟರ್ ಹಿಡಿದರೆ ಅದರಲ್ಲಿ 5 ಗ್ರಾಂ ಸುಣ್ಣದಂಶ ಇರುತ್ತದೆ. ಅಷ್ಟನ್ನು ತೀರಿಸಲು ಸುಮಾರು 30 ಗ್ರಾಂ ಶುದ್ಧ ಸಾಬೂನು ಬೇಕು. ಬಟ್ಟೆಯ ಕೊಳೆಗೆ ಕೈ ಹಚ್ಚುವ ಮೊದಲೇ ಅಷ್ಟೂ ಸಾಬೂನು ಜಿಡ್ಡಾಗಿ ಹೋಗುತ್ತದೆ. ಅದೇ ನೀರಿಗೆ ಮೊದಲು 5 ಗ್ರಾಂನಷ್ಟು ಸೋಡಾ ಆ್ಯಶ್, ಅಂದರೆ ಒಂದು ಚಹಾ ಚಮಚದ ಆಸುಪಾಸು, ಹಾಕಿದರೆ ಸುಣ್ಣದಂಶದ ಬಹುಪಾಲು ಸೀಮೆಸುಣ್ಣದ ಪುಡಿಯಾಗಿ ತಳಕ್ಕಿಳಿಯುತ್ತದೆ. ಹರಳು ರೂಪದ ಒಗೆಯುವ ಸೋಡಾ ಆದರೆ ಸುಮಾರು 15 ಗ್ರಾಂ ಬೇಕು, ಏಕೆಂದರೆ ಹರಳಿನ ತೂಕದಲ್ಲಿ ಶೇ. 63ರಷ್ಟು ನೀರೇ. ಒಂದು ಗಂಟೆ ಬಿಟ್ಟು ಮೇಲಿನ ತಿಳಿ ನೀರನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು ಒಗೆದರೆ ಅರ್ಧ ಕೆಲಸ ಮುಗಿದಂತೆ. ತಿಳಿಗೊಳಿಸದೆ ಅದರಲ್ಲೇ ಒಗೆದರೆ ಸುಣ್ಣದ ಪುಡಿ ಬಟ್ಟೆಯ ಮೇಲೆ ಕೂತು, ಕೆಲವು ತಿಂಗಳಲ್ಲಿ ಟವೆಲ್ಲು ಒರಟಾಗುತ್ತದೆ. ಮನೆಯ ಪುಡಿಯ ಬಗೆಗಿನ ದೂರುಗಳಲ್ಲಿ ಬಹಳಷ್ಟು ಇಲ್ಲಿಗೆ ಬಂದು ಮುಟ್ಟುತ್ತವೆ.

ಸಾಬೂನು ಬರುವ ಮೊದಲು ಬಟ್ಟೆ ಒಗೆತ ಇರಲಿಲ್ಲವೆಂದಲ್ಲ. ಎರೆಭೂಮಿಯ ತಗ್ಗಿನಲ್ಲಿ, ನೀರು ನಿಂತು ಆರುವ ಕಡೆ, ಬೇಸಿಗೆಯಲ್ಲಿ ಬಿಳಿ ಪದರವೊಂದು ಏಳುತ್ತದೆ. ಇದು ಸವಳು. ಅದರಲ್ಲಿ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಮತ್ತು ಉಪ್ಪು ಬೆರೆತಿರುತ್ತವೆ. ಬೆಳೆ ಬಾರದ ಆ ನೆಲದ ಮೇಲ್ಮಣ್ಣನ್ನು ಮಡಿವಾಳರು ಕೆರೆದು ತಂದು, ನೀರಿನಲ್ಲಿ ಕದಡಿ, ಬಟ್ಟೆ ನೆನೆಸುತ್ತಿದ್ದರು. ನೆನೆದ ಬಟ್ಟೆಯನ್ನು ಬಾನಿಯ ಮೇಲೆ ಸುತ್ತಿ ಪೇರಿಸಿ ಕೆಳಗೆ ಉರಿ ಹಚ್ಚುವುದೇ ಉಬ್ಬೆ. ಬಿಸಿ ಹಬೆ ಮತ್ತು ಕ್ಷಾರ ಸೇರಿ ಬಟ್ಟೆಯಲ್ಲಿ ಕೂತ ಎಣ್ಣೆ, ಬೆವರಿನ ಜಿಡ್ಡನ್ನು ಅಲ್ಲೇ ಸ್ವಲ್ಪ ಮಟ್ಟಿಗೆ ಸಾಬೂನನ್ನಾಗಿ ಮಾರ್ಪಡಿಸುತ್ತವೆ. ಅಂದರೆ ಸಾಬೂನು ಹೊರಗಿನಿಂದ ಬರಲಿಲ್ಲ, ಕೊಳೆಯಿಂದಲೇ ತಯಾರಾಯಿತು. ಮರುದಿನ ಹಳ್ಳದ ಕಲ್ಲಿನ ಮೇಲೆ ಬಡಿತ, ಬಿಸಿಲು, ಕೊನೆಗೆ ಗಂಜಿ, ನೀಲಿ. ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದ ಈ ಕಸುಬಿನವರ ರಸಾಯನಶಾಸ್ತ್ರಕ್ಕೆ ಪುಸ್ತಕಗಳಲ್ಲಿ ಸಿಕ್ಕ ಜಾಗ ಕಡಿಮೆ. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರನ್ನು ಹನ್ನೆರಡನೆಯ ಶತಮಾನದ ಶರಣರಾಗಿ ನಾಡು ನೆನೆಯುತ್ತದೆ, ಆ ಕಾಯಕದ ಒಳಗಿದ್ದ ವಿದ್ಯೆಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಮನೆಗಳಲ್ಲಿ ಇದೇ ಕೆಲಸಕ್ಕೆ ಬೂದಿ ಇತ್ತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿನೀರು ಸುರಿದರೆ ಇಳಿಯುವ ಹಳದಿ ನೀರು ಕೈಗೆ ಜಾರುತ್ತದೆ. ಹತ್ತಿ ಕಟ್ಟಿಗೆಯ ಬೂದಿ ಇದಕ್ಕೆ ಒಳ್ಳೆಯದು. ಕುಳ್ಳಿನ ಬೂದಿಯಲ್ಲಿ ಮರಳಿನಂಶ ಹೆಚ್ಚು, ಪಾತ್ರೆ ತಿಕ್ಕಲು ಸರಿ, ಬಟ್ಟೆಗೆ ಅಷ್ಟಕ್ಕಷ್ಟೆ. ಗ್ಯಾಸ್ ಒಲೆ ಬಂದ ಮನೆಯಲ್ಲಿ ಈ ದಾರಿ ತಾನಾಗಿಯೇ ಮುಚ್ಚಿದೆ.

ಅಂಟವಾಳದ್ದು ಬೇರೆ ಜಾತಿಯ ಗುಣ. ದಕ್ಷಿಣ ಭಾರತದಲ್ಲಿ ಬೆಳೆಯುವ ಈ ಮರದ ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ಕೊಡುವ ವಸ್ತು ಇದೆ. ಸೀಗೇಕಾಯಿಯಲ್ಲೂ ಅದೇ. ಸಪೋನಿನ್ ಸಾಬೂನಿನಂತೆ ಸುಣ್ಣದೊಡನೆ ಗಂಟು ಹಾಕಿಕೊಳ್ಳುವುದಿಲ್ಲವಾದ್ದರಿಂದ ಗಡಸು ನೀರಿನಲ್ಲೂ ಜಿಡ್ಡಾಗದು. ಅಲ್ಲದೆ ಅದರ ನೀರು ಕ್ಷಾರವಲ್ಲ, ತುಸು ಹುಳಿ. ಬೀಜ ತೆಗೆದ ಹತ್ತು ಹದಿನೈದು ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿದರೆ ಬಳಸುವ ದ್ರವ ಸಿದ್ಧ. ಎರಡು ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಹುಳಿತು ನಾರುತ್ತದೆ. ರೇಷ್ಮೆ ಮತ್ತು ಉಣ್ಣೆ ಎರಡೂ ಪ್ರೋಟೀನಿನ ಎಳೆಗಳು, ಕ್ಷಾರ ಅವನ್ನು ತಿನ್ನುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ, ಕಂಬಳಿಗೆ ಅಂಟವಾಳವೇ ತಕ್ಕದ್ದು. ಅಕ್ಕಸಾಲಿಗರು ಬೆಳ್ಳಿ ಒಡವೆ ತೊಳೆಯಲು ಇದನ್ನು ಇಟ್ಟುಕೊಂಡಿರುವುದೂ ಈ ಮೃದು ಗುಣಕ್ಕೇ. ಆದರೆ ಹೊಲದಿಂದ ಬಂದ ಧೋತರದ ಎರೆಮಣ್ಣಿಗೆ, ಕಾಲರಿನ ಜಿಡ್ಡಿಗೆ, ಗ್ಯಾರೇಜಿನ ಗ್ರೀಸಿಗೆ ಇದು ಸಾಲದು. ಪ್ರಕೃತಿದತ್ತ ಎಂಬ ಕಾರಣಕ್ಕೆ ವಾಷಿಂಗ್ ಮಷಿನಿಗೆ ನಾಲ್ಕು ಸಿಪ್ಪೆ ಹಾಕಿ ಎಲ್ಲ ಬಟ್ಟೆ ಒಗೆದು ತೃಪ್ತಿಪಡುವವರು, ನೀರು ಮತ್ತು ಯಂತ್ರದ ತಿರುಗಾಟ ಮಾಡಿದ ಕೆಲಸದ ಕೀರ್ತಿಯನ್ನು ಸಿಪ್ಪೆಗೆ ಕೊಡುತ್ತಿರುತ್ತಾರೆ.

ಎಣ್ಣೆಯಿಂದ ಸಾಬೂನು ಕಟ್ಟುವುದು ಸರಳವಾದರೂ ಎಚ್ಚರ ಬೇಡುವ ಕೆಲಸ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದರೆ ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಎಷ್ಟು ಎಣ್ಣೆಗೆ ಎಷ್ಟು ಸೋಡಾ ಎಂಬುದು ಎಣ್ಣೆಯ ಜಾತಿಯ ಮೇಲೆ ನಿಂತಿದೆ: ಒಂದು ಕೆ.ಜಿ. ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ, ತಾಳೆ ಎಣ್ಣೆಗೆ 140, ಶೇಂಗಾ ಎಣ್ಣೆಗೆ 135ರ ಆಸುಪಾಸು. ಕೊಬ್ಬರಿ ಎಣ್ಣೆಯ ಸಾಬೂನು ಗಟ್ಟಿ, ನೊರೆಯೂ ಹೆಚ್ಚು. ಶೇಂಗಾ ಬೆಳೆಯುವ ನಾಡಾದರೂ ಶೇಂಗಾ ಎಣ್ಣೆಯ ಸಾಬೂನು ಮೆತ್ತಗಾಗಿ ಬೇಗ ಕರಗುತ್ತದೆ. ತಿನ್ನುವ ಎಣ್ಣೆಯನ್ನು ಬಟ್ಟೆಗೆ ಸುರಿಯುವುದು ಲೆಕ್ಕಕ್ಕೂ ಬಾರದು. ಖಾದಿ ಗ್ರಾಮೋದ್ಯೋಗ ಬೇವು, ಹಿಪ್ಪೆಯಂಥ ತಿನ್ನದ ಎಣ್ಣೆಗಳ ಸಾಬೂನಿಗೆ ಒತ್ತು ಕೊಟ್ಟದ್ದು ಇದೇ ಕಾರಣಕ್ಕೆ.

ಗದಗ ಸೀಮೆಯಲ್ಲಿ ತಿನ್ನದ ಎಣ್ಣೆಯ ಇನ್ನೊಂದು ದೊಡ್ಡ ಮೂಲ ಭಜಿ ಅಂಗಡಿಗಳ ಬಾಣಲೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ 2018ರಿಂದ ಜಾರಿಗೆ ತಂದಿದೆ. ಮಿರ್ಚಿ, ಬದನೆಕಾಯಿ ಭಜಿ ಕರಿದು ಕಪ್ಪಾದ ಎಣ್ಣೆಗೆ ಸಾಬೂನು ಮರ್ಯಾದೆಯ ಕೊನೆ. ಆರಿದ ಎಣ್ಣೆಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ತಾಳೆ ಎಣ್ಣೆಯಾದರೆ ಕೆ.ಜಿ.ಗೆ 135 ಗ್ರಾಂ ಕಾಸ್ಟಿಕ್ ಸೋಡಾವನ್ನು ಮುನ್ನೂರು ಮುನ್ನೂರೈವತ್ತು ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ತಣಿಸಿ, ಎಣ್ಣೆಗೆ ಸುರಿದು ಪಾಯಸದ ಹದ ಬರುವವರೆಗೆ ತಿರುವಬೇಕು. ಅಚ್ಚಿನಲ್ಲಿ ಎರಡು ದಿನ, ಕತ್ತರಿಸಿದ ಮೇಲೆ ಗಾಳಿಯಲ್ಲಿ ನಾಲ್ಕು ವಾರ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಬೇಕೇ ಬೇಕು. ಮಕ್ಕಳಿರುವ ಅಡುಗೆಮನೆ ಈ ಕೆಲಸಕ್ಕೆ ಜಾಗವಲ್ಲ. ಹೀಗೆ ಬಂದ ಸಾಬೂನು ಕಂದು ಬಣ್ಣದ್ದು, ಕೆಲಸಕ್ಕೆ ಗಟ್ಟಿ, ಆದರೆ ಅದೂ ಸಾಬೂನೇ: ಗಡಸು ನೀರಿನ ಎದುರು ಒಗೆಯುವ ಸೋಡಾದ ಸಹಾಯವಿಲ್ಲದೆ ನಿಲ್ಲದು.

ಅಮೆರಿಕದ ಮನೆಗಳಿಂದ ಹೊರಟು ಈಗ ಎಲ್ಲ ಕಡೆ ಓಡಾಡುತ್ತಿರುವ ಪಾಕ ಮೂರನೆಯ ಗುಂಪಿನದು. ಒಂದು ಸಾಬೂನು ತುರಿ, ಒಂದು ಲೋಟ ಒಗೆಯುವ ಸೋಡಾ, ಒಂದು ಲೋಟ ಬಿಳಿಗಾರ. ಲಕ್ಷ್ಮೇಶ್ವರದಲ್ಲಿ ಇದನ್ನು ಮಾಡಹೊರಟರೆ ಮೂರು ತೊಡಕುಗಳಿವೆ. ಕಿರಾಣಿ ಅಂಗಡಿಯ ಬಟ್ಟೆ ಸಾಬೂನೆಲ್ಲ ಸಾಬೂನಲ್ಲ. 1969ರಲ್ಲಿ ಬಂದ ರಿನ್ ಮತ್ತು ಅದರ ಹಿಂದೆ ಬಂದ ಅನೇಕ ಬಿಲ್ಲೆಗಳು ಡಿಟರ್ಜೆಂಟ್ ಬಿಲ್ಲೆಗಳು, ಅವುಗಳಲ್ಲಿ ಸೋಡಾ ಮತ್ತು ತೂಕಕ್ಕೆ ಹಾಕಿದ ಖನಿಜ ಪುಡಿ ಮೊದಲೇ ಇರುತ್ತವೆ. ತುರಿದು ಇನ್ನಷ್ಟು ಸೋಡಾ ಸೇರಿಸಿದರೆ ಹೊಸದೇನೂ ಆಗುವುದಿಲ್ಲ. 501 ಬಾರಿನಂಥ ನಿಜವಾದ ಸಾಬೂನು ತುರಿದರೆ ಮೇಲೆ ಹೇಳಿದ ಜಿಡ್ಡಿನ ಕಾಟ. ಇನ್ನು ಬಿಳಿಗಾರ: ಸಂತಾನಶಕ್ತಿಗೆ ಹಾನಿಯ ಅನುಮಾನದಿಂದ ಯುರೋಪ್ ಒಕ್ಕೂಟ ಅದನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿದೆ. ಅದರ ಬೋರಾನ್ ಗಿಡಕ್ಕೆ ಚೂರು ಹೆಚ್ಚಾದರೂ ಎಲೆಯಂಚು ಸುಡುತ್ತದೆ. ಬಚ್ಚಲ ನೀರನ್ನು ಕರಿಬೇವಿಗೆ, ಬಾಳೆಗೆ ಬಿಡುವ ಮನೆಗಳಿಗೆ ಇದು ಬೇಡವೇ ಬೇಡ. ಒಗೆಯುವ ಸೋಡಾ ಸಿಗದಿದ್ದರೆ ಅಡುಗೆ ಸೋಡಾವನ್ನು ಅಗಲವಾದ ಉಕ್ಕಿನ ಪಾತ್ರೆಯಲ್ಲಿ ಚೆನ್ನಾಗಿ ಕಾಯಿಸಿದರೆ ಅದೇ ಒಗೆಯುವ ಸೋಡಾ ಆಗುತ್ತದೆ. 100 ಗ್ರಾಂ ಹಾಕಿದರೆ 63 ಗ್ರಾಂ ಉಳಿಯುತ್ತದೆ, ಮಿಕ್ಕದ್ದು ಹಬೆ ಮತ್ತು ಇಂಗಾಲದ ಡೈಆಕ್ಸೈಡ್. ಲೆಕ್ಕ ಸರಿ, ಖರ್ಚು ಮಾತ್ರ ತಲೆಕೆಳಗು, ಏಕೆಂದರೆ ಅಡುಗೆ ಸೋಡಾ ದುಬಾರಿ.

ಆ್ಯಸಿಡ್ ಸ್ಲರಿಯ ನಾಲ್ಕನೆಯ ದಾರಿಗೆ ದೇಶದ ಅತಿ ಪ್ರಸಿದ್ಧ ಉದಾಹರಣೆ ಇದೆ. ಗುಜರಾತ್ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ರಸಾಯನಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಅಹಮದಾಬಾದಿನ ತಮ್ಮ ಮನೆಯ ಹಿತ್ತಲಲ್ಲಿ ನಿರ್ಮಾ ಎಂಬ ಹಳದಿ ಪುಡಿ ಕಲಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು ಮಾರಿದರು. 1959ರಲ್ಲೇ ಬಂದಿದ್ದ ಸರ್ಫ್ ಕೆ.ಜಿ.ಗೆ 13 ರೂಪಾಯಿಯ ಆಸುಪಾಸು ಇದ್ದಾಗ ನಿರ್ಮಾ ಸುಮಾರು 3 ರೂಪಾಯಿಗೆ ಸಿಕ್ಕಿತು. ಅದರಲ್ಲಿ ಫಾಸ್ಫೇಟ್ ಇರಲಿಲ್ಲ, ಸೋಡಾ ಹೇರಳವಾಗಿತ್ತು. ಕೈ ಉರಿಯುತ್ತದೆ ಎಂಬ ದೂರಿದ್ದರೂ ಬಟ್ಟೆ ಬೆಳ್ಳಗಾಯಿತು. ಇಂದು ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲಸುವ ಪುಡಿಯೂ ಮೂಲದಲ್ಲಿ ಅದೇ.

ಅದರ ಒಳಗಿನ ಕ್ರಿಯೆ ಹೀಗಿದೆ. ಪೆಟ್ರೋಲಿಯಂನಿಂದ ಬರುವ ಆ್ಯಸಿಡ್ ಸ್ಲರಿ ಕಂದು ಬಣ್ಣದ ದಪ್ಪ ಆಮ್ಲ. ಸೋಡಾ ಆ್ಯಶ್ ಸೇರಿದೊಡನೆ ಬುರುಬುರು ಉಕ್ಕಿ ಡಿಟರ್ಜೆಂಟ್ ಲವಣವಾಗುತ್ತದೆ. 100 ಗ್ರಾಂ ಸ್ಲರಿಯನ್ನು ತಟಸ್ಥಗೊಳಿಸಲು 17 ಗ್ರಾಂ ಸೋಡಾ ಸಾಕು. ಒಂದು ಕೆ.ಜಿ. ಪುಡಿಗೆ ಅರ್ಧ ಕೆ.ಜಿ. ಸೋಡಾ, 100 ಗ್ರಾಂ ಸ್ಲರಿ, ಉಳಿದದ್ದು ಸೋಡಿಯಂ ಸಲ್ಫೇಟ್ ಅಥವಾ ಉಪ್ಪು ಎಂಬ ಸಾಮಾನ್ಯ ಅಳತೆಯಲ್ಲಿ ಹೆಚ್ಚುವರಿ ಸೋಡಾ ಪೂರ್ತಿ ನೀರು ಮೆದುಗೊಳಿಸಲು ಉಳಿಯುತ್ತದೆ. ಒಂದು ಬಕೆಟ್ಟಿಗೆ 30 ಗ್ರಾಂ ಪುಡಿ ಹಾಕಿದರೆ ಸುಮಾರು 15 ಗ್ರಾಂ ಸೋಡಾ ಹೋದಂತಾಯಿತು, ಗಡಸುತನ ತೀರಿಸಲು ಬೇಕಾದುದರ ಮೂರು ಪಟ್ಟು. ಗಡಸು ನೀರಿನ ಊರಿಗೆ ಈ ಪುಡಿ ಹೊಂದುವುದು ಇದರಿಂದ. ಸ್ಲರಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಉಜ್ಜುತ್ತ ಹೋಗಬೇಕು, ರಾತ್ರಿ ಹರವಿ ಬಿಟ್ಟು ಬೆಳಿಗ್ಗೆ ಜರಡಿ ಹಿಡಿಯಬೇಕು. ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಸ್ಲರಿ ಚರ್ಮ ಸುಡುವ ವಸ್ತು, ಸೋಡಾದ ದೂಳು ಮೂಗಿಗೆ ಕೆಟ್ಟದ್ದು. ಇದನ್ನು ‘ಕೆಮಿಕಲ್ ಇಲ್ಲದ ಮನೆಯ ಪುಡಿ’ ಎಂದು ಮಾರುವುದು ಸುಳ್ಳು. ಕಾರ್ಖಾನೆಯ ಪುಡಿಯದ್ದೇ ಸಣ್ಣ ರೂಪ ಇದು, ಕಿಣ್ವಗಳು ಮತ್ತು ಹೊಳಪು ಕೊಡುವ ಬಣ್ಣಗಳು ಮಾತ್ರ ಕಡಿಮೆ. ರಕ್ತ, ಹಾಲು, ಸಾರಿನ ಕಲೆಗೆ ಆ ಕಿಣ್ವಗಳು ನಿಜಕ್ಕೂ ಉಪಯೋಗದವು, ಅವನ್ನು ಮನೆಯಲ್ಲಿ ಮಾಡಲಾಗದು.

ಹಣ್ಣಿನ ಸಿಪ್ಪೆಯಿಂದ ಮಾಡುವ ಬಯೋ ಎಂಜೈಮ್ ಆ ಕೊರತೆ ತುಂಬುತ್ತದೆ ಎಂಬ ನಂಬಿಕೆ ಇದೆ. ಬೆಲ್ಲ ಒಂದು, ನಿಂಬೆ ಅಥವಾ ಕಿತ್ತಳೆ ಸಿಪ್ಪೆ ಮೂರು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಕೊಳೆಯಿಸಿದರೆ ಬರುವುದು ಮುಖ್ಯವಾಗಿ ವಿನೆಗರ್‌ನಂಥ ಹುಳಿ ನೀರು. ನೆಲ ಒರೆಸಲು, ನಲ್ಲಿಯ ಸುಣ್ಣದ ಕರೆ ತೆಗೆಯಲು ಒಳ್ಳೆಯದು. ಸಾಬೂನಿನ ನೀರಿಗೆ ಸುರಿದರೆ ಸಾಬೂನನ್ನು ಒಡೆದು ಕೊಬ್ಬಿನಾಮ್ಲದ ಜಿಡ್ಡಾಗಿಸುತ್ತದೆ, ಸೋಡಾಕ್ಕೆ ಬೆರೆಸಿದರೆ ಎರಡರ ಬಲವೂ ಹೋಗುತ್ತದೆ. ಕೊನೆಯ ಜಾಲಿಸುವ ನೀರಿಗೆ ಒಂದು ಚಮಚ ಹಾಕುವುದು ಸರಿ. ಬ್ಲೀಚಿಂಗ್ ಪುಡಿಯ ಹತ್ತಿರ ಯಾವ ಹುಳಿಯನ್ನೂ ಒಯ್ಯಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಪುಡಿಯ ಕ್ಷಾರ ಅಳೆಯಲು ಅರಿಶಿನವೇ ಸಾಕು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಪುಡಿಯ ದ್ರಾವಣ ಬಿಟ್ಟಾಗ ಕೆಂಪಾದರೆ ಕ್ಷಾರ ಇದೆ ಎಂದರ್ಥ. ಅರಿಶಿನಕ್ಕೆ ಸುಣ್ಣ ಸೇರಿ ಕುಂಕುಮವಾಗುವುದೂ ಇದೇ ಬದಲಾವಣೆ. ಸಾರಿನ ಕಲೆಗೆ ಸಾಬೂನು ಹಚ್ಚಿದೊಡನೆ ಕೆಂಪಾಗಿ ಗಾಬರಿ ಹುಟ್ಟಿಸುವುದು ಸಹ ಇದರಿಂದಲೇ. ಜಾಲಿಸಿದರೆ ಮರಳಿ ಹಳದಿಯಾಗುತ್ತದೆ, ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಸುತ್ತದೆ. ಕೆಂಪಾಗುವ ಪುಡಿ ಹತ್ತಿ ಬಟ್ಟೆಗೆ ಸೈ, ರೇಷ್ಮೆ ಉಣ್ಣೆಗಳಿಗೆ ಅಲ್ಲ. ಬೆಟಗೇರಿ ಮಗ್ಗದ ಹತ್ತಿ ಸೀರೆಯಾದರೂ ಗಾಢ ಬಣ್ಣದ್ದಿದ್ದರೆ ಮೊದಲ ಒಂದೆರಡು ಒಗೆತ ತಣ್ಣೀರಿನಲ್ಲಿ, ಬೇರೆಯಾಗಿ ನಡೆಯುವುದು ಕ್ಷೇಮ.

ಹಣದ ಉಳಿತಾಯ ದೊಡ್ಡದಲ್ಲ. ಸ್ಲರಿ ಪುಡಿಯಲ್ಲಿ ಕಂಪನಿಯ ಜಾಹೀರಾತು, ಸಾಗಣೆ, ಪೊಟ್ಟಣದ ಖರ್ಚು ಉಳಿಯುತ್ತದೆ, ಆದರೆ ಹುಬ್ಬಳ್ಳಿಯಿಂದ ಅರ್ಧ ಕೆ.ಜಿ. ಸ್ಲರಿ ತಂದು ಒಂದೇ ಮನೆಗೆ ಮಾಡುವವರಿಗೆ ಬಸ್ ಚಾರ್ಜು ಅದನ್ನು ನುಂಗುತ್ತದೆ. ಹತ್ತು ಮನೆಗಳು ಸೇರಿದಾಗ ಲೆಕ್ಕ ಗಿಟ್ಟುತ್ತದೆ. ಒಬ್ಬಂಟಿ ಮನೆಗೆ ನಿಜವಾದ ಉಳಿತಾಯ ಕೊಡುವುದು ಒಂದು ಚಮಚ ಸೋಡಾ ಮತ್ತು ತಿಳಿ ನೀರು. ಅಂಗಡಿಯ ಪುಡಿ ಆಗ ಅರ್ಧ ಅಳತೆಗೇ ಸಾಕಾಗುತ್ತದೆ. ಮಾರುವ ಸಂಘಗಳಿಗೆ ಮನೆಬಳಕೆಯ ಡಿಟರ್ಜೆಂಟ್ ಪುಡಿಯ ಮಾನಕ ಐಎಸ್ 4955 ದಿಕ್ಕು ತೋರುತ್ತದೆ. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ.

ಒಗೆದ ನೀರಿನ ವಿಚಾರವನ್ನು ಪಾಕ ಹೇಳುವವರು ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ 2015ರಲ್ಲಿ ರಸ್ತೆಗೆ ಹಾರಿದ ನೊರೆಯಲ್ಲಿ ಮನೆಮನೆಯ ಡಿಟರ್ಜೆಂಟಿನ ಪಾಲಿತ್ತು. ಫಾಸ್ಫೇಟ್ ಸೇರಿದ ಕೆರೆಯಲ್ಲಿ ಪಾಚಿ ಮತ್ತು ಕಳೆ ಉಕ್ಕಿ ಬೆಳೆಯುತ್ತವೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ತಾಣ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಆ ಸುತ್ತಿನ ಊರುಗಳಲ್ಲಿ ಫಾಸ್ಫೇಟ್ ಇಲ್ಲದ ಮನೆಯ ಪುಡಿಗೆ ಒಂದು ಸ್ಪಷ್ಟ ಅನುಕೂಲವಿದೆ. ಅಂಟವಾಳದ ನೀರನ್ನೂ ಮೀನಿರುವ ಹೊಂಡಕ್ಕೆ ಬಿಡಬಾರದು, ಸಪೋನಿನ್ ಮೀನಿಗೆ ವಿಷ.

ಎರೆಮಣ್ಣಿಗೆ ಅಪಾಯ ಸೋಡಾದಿಂದ. ಸೋಡಿಯಂ ಹೆಚ್ಚಿದರೆ ಎರೆಯ ಜಿಗುಟು ಕಣಗಳು ಬಿಡಿಬಿಡಿಯಾಗಿ ಹರಡಿ, ರಂಧ್ರ ಮುಚ್ಚಿ, ನೀರು ಇಂಗದ ಗಟ್ಟಿ ಪದರವಾಗುತ್ತದೆ. ಮಡಿವಾಳರು ಕೆರೆದು ತರುತ್ತಿದ್ದ ಸವಳು ಇದೇ ರೋಗದ ಬಿಳಿ ಗುರುತು, ಸೋಡಾ ಬೆರೆತ ಬಚ್ಚಲ ನೀರನ್ನು ವರ್ಷಗಟ್ಟಲೆ ಒಂದೇ ಕಡೆ ಬಿಟ್ಟರೆ ಹಿತ್ತಲಲ್ಲೇ ಸವಳು ಏಳುತ್ತದೆ. ಬೂದಿ ನೀರಿನ ಪೊಟ್ಯಾಸಿಯಂನಿಂದ ಈ ಭಯ ಕಡಿಮೆ. ಹೀಗಾಗಿ ಮೊದಲ ನೊರೆ ನೀರನ್ನು ಇಂಗುಗುಂಡಿಗೆ, ಜಾಲಿಸಿದ ನೀರನ್ನು ಮಾತ್ರ ತೆಂಗು, ಬಾಳೆಗೆ ಬಿಡುವುದು ರೂಢಿಯಾಗಬೇಕು. ಬೇರೆ ಬೇರೆ ಗಿಡಗಳಿಗೆ ಸರದಿಯಂತೆ ತಿರುಗಿಸಬೇಕು. ಮಣ್ಣು ಈಗಾಗಲೇ ಬಿಗಿದಿದ್ದರೆ ಮಳೆಗೆ ಮುಂಚೆ ಜಿಪ್ಸಂ ಬೆರೆಸಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ಮಳೆಯ ನೀರಿನೊಡನೆ ಕೆಳಗಿಳಿಯುತ್ತದೆ.